65ರಲ್ಲಿ 10: ಬ್ಯಾಟ್‌ಮ್ಯಾನ್ ಕಾರ್ಟೂನಿನಿಂದ ನಿಮ್ಮ ಎಪಿಸೋಡ್‌ಗಳನ್ನು ಆರಿಸಿಕೊಳ್ಳುವುದು ಹೇಗೆ

ಹಳೆಯ ಬ್ಯಾಟ್‌ಮ್ಯಾನ್ ಕಾರ್ಟೂನ್ ತುಂಬಾ ಚೆನ್ನಾಗಿದೆ ಅಂತ ಯಾರೋ ಹೇಳಿದ್ದನ್ನು ಕೇಳಿ ನೋಡಲು ಕೂತು, ನಾಲ್ಕೈದು ಎಪಿಸೋಡಿಗೇ ಕೈಬಿಟ್ಟವರು ನನಗೆ ಬಹಳ ಜನ ಗೊತ್ತು. ಅದು ಅವರ ತಪ್ಪಲ್ಲ. ಮೊದಲಿನಿಂದ ಸಾಲಾಗಿ ನೋಡಿಕೊಂಡು ಹೋದರೆ ಈ ಸೀಸನ್ ಒಂದು ದಿನ ಕುಣಿಸುತ್ತದೆ, ಇನ್ನೊಂದು ದಿನ ಆಕಳಿಕೆ ತರಿಸುತ್ತದೆ. ನಾನು ನನ್ನ ಅಕ್ಕನ ಮಗನ ಜೊತೆ ಇದನ್ನು ಪೂರ್ತಿ ನೋಡಿದೆ. ಅವನಿಗೆ ಒಂಬತ್ತು ವರ್ಷ. ರಾತ್ರಿ ಊಟ ಆದ ಮೇಲೆ ದಿನಕ್ಕೊಂದು, ಕೆಲವು ದಿನ ಎರಡು. ಮುಗಿಯುವ ಹೊತ್ತಿಗೆ ನಮ್ಮ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಹತ್ತು ಹೆಸರುಗಳಿದ್ದವು. ಅಲ್ಲಿಗೆ ಹೇಗೆ ಬಂದೆವು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಬೇರೆ ಯಾವ ಏರುಪೇರಿನ ಸೀಸನ್ನಿಗೂ ಇದೇ ದಾರಿ ಹಿಡಿಯಬಹುದು.

‘ಬ್ಯಾಟ್‌ಮ್ಯಾನ್: ದಿ ಆನಿಮೇಟೆಡ್ ಸೀರೀಸ್’ ಶುರುವಾಗಿದ್ದು 1992ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಫಾಕ್ಸ್ ಕಿಡ್ಸ್‌ನಲ್ಲಿ. ಒಟ್ಟು 85 ಎಪಿಸೋಡ್. ಅದರಲ್ಲಿ ಮೊದಲು ಒಟ್ಟಿಗೆ ತಯಾರಾದ 65ರ ಬಗ್ಗೆ ನಾನು ಮಾತಾಡುತ್ತಿರುವುದು. ಒಂದೊಂದೂ ಸುಮಾರು 22 ನಿಮಿಷ. ಎಲ್ಲ ಕೂಡಿಸಿದರೆ ಹತ್ತಿರ ಹತ್ತಿರ 24 ಗಂಟೆ. ಮಗುವಿಗೆ ಅಷ್ಟನ್ನೂ ತೋರಿಸುವ ಅಗತ್ಯ ಇಲ್ಲ.

ಮೊದಲ ಮಾತು: ಕ್ರಮಸಂಖ್ಯೆಯನ್ನು ಮರೆತುಬಿಡಿ. ಇದು ಮುಂದುವರಿಯುವ ಧಾರಾವಾಹಿ ಅಲ್ಲ. ಮೊದಲು ತಯಾರಾಗಿದ್ದು ‘ಆನ್ ಲೆದರ್ ವಿಂಗ್ಸ್’, ಆದರೆ ಟಿವಿಯಲ್ಲಿ ಮೊದಲು ಬಂದಿದ್ದು ‘ದಿ ಕ್ಯಾಟ್ ಆ್ಯಂಡ್ ದಿ ಕ್ಲಾ’ದ ಮೊದಲ ಭಾಗ. ಚಾನೆಲ್ಲಿನವರೇ ಕ್ರಮ ಬಿಟ್ಟಿದ್ದರು ಅಂದಮೇಲೆ ನಾವು ಯಾಕೆ ಹಿಡಿದುಕೊಳ್ಳಬೇಕು? ಎರಡು ಭಾಗಗಳಲ್ಲಿ ಬಂದ ಕಥೆಗಳನ್ನು ಮಾತ್ರ ಜೊತೆಯಾಗಿ ಇಟ್ಟುಕೊಳ್ಳಿ. ಸಾಧ್ಯವಾದರೆ ಒಂದೇ ರಾತ್ರಿ ನೋಡಿ.

ಒಂದು ಕಡೆ ಮಾತ್ರ ಹಿಂದೆ ಮುಂದೆ ಆಗಬಾರದು. ‘ಟು-ಫೇಸ್’ ನೋಡುವ ಮೊದಲು ‘ಪ್ರೆಟಿ ಪಾಯ್ಸನ್’ ನೋಡಿ. ಅದರಲ್ಲಿ ಹಾರ್ವೆ ಡೆಂಟ್ ಇನ್ನೂ ವಿಲನ್ ಆಗಿಲ್ಲ. ಬ್ರೂಸ್ ವೇನ್‌ನ (ಮುಖವಾಡ ತೆಗೆದ ಬ್ಯಾಟ್‌ಮ್ಯಾನ್ ಇವನೇ) ಗೆಳೆಯ, ನಗುನಗುತ್ತಾ ಇರುವ ಸರ್ಕಾರಿ ವಕೀಲ. ಅವನಿಗೆ ವಿಷ ಹಾಕಿದವರನ್ನು ಹುಡುಕಿ ಬ್ಯಾಟ್‌ಮ್ಯಾನ್ ಒದ್ದಾಡುತ್ತಾನೆ. ಆ ಗೆಳೆತನ ನೋಡಿದ ಮೇಲೆ ‘ಟು-ಫೇಸ್’ ನೋಡಿದರೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗೆ ಆಗುತ್ತದೆ. ಕೊನೆಯಲ್ಲಿ ಬ್ಯಾಟ್‌ಮ್ಯಾನ್ ರಾಶಿ ರಾಶಿ ನಾಣ್ಯಗಳನ್ನು ಚೆಲ್ಲುತ್ತಾನೆ. ಪ್ರತಿ ತೀರ್ಮಾನಕ್ಕೂ ಚಿಮ್ಮುವ ತನ್ನ ನಾಣ್ಯ ಯಾವುದು ಅಂತ ಹಾರ್ವೆ ಅದರಲ್ಲಿ ತಡಕಾಡುತ್ತಾನೆ. ನಮ್ಮ ಹುಡುಗ ಆಗ ನನ್ನ ತೋಳು ಹಿಡಿದುಕೊಂಡ. ‘ಚಿಕ್ಕಮ್ಮ, ಅವನು ಒಳ್ಳೆಯವನಾಗಿದ್ದ ಅಲ್ವಾ?’ ಅಂತ ಎರಡು ಸಲ ಕೇಳಿದ.

ಇನ್ನು ಏರುಪೇರಿನ ವಿಷಯ. ಒಂದೇ ಸೀಸನ್, ಅದೇ ಬರಹಗಾರರು, ಅದೇ ದನಿಗಳು. ಆದರೂ ಒಂದು ರಾತ್ರಿ ಬ್ಯಾಟ್‌ಮ್ಯಾನ್‌ನ ಮೇಲಂಗಿ ನಿಜವಾದ ಬಟ್ಟೆಯ ಹಾಗೆ ಹಾರುತ್ತದೆ, ಮರುದಿನ ಅವನ ಮುಖವೇ ಅವನದಲ್ಲ ಅನ್ನಿಸುತ್ತದೆ. ಯಾಕೆ ಅಂದರೆ, ಕಥೆ ಮತ್ತು ದೃಶ್ಯಗಳ ಕರಡು ಚಿತ್ರ ಅಮೆರಿಕದಲ್ಲಿ ತಯಾರಾದರೂ ಚಿತ್ರಗಳನ್ನು ಚಲಿಸುವಂತೆ ಬರೆದವರು ಹೊರದೇಶದ ಬೇರೆ ಬೇರೆ ಸ್ಟುಡಿಯೋದವರು. ಜಪಾನಿನ ಸ್ಪೆಕ್ಟ್ರಮ್, ಟಿಎಂಎಸ್, ಸನ್‌ರೈಸ್. ಕೊರಿಯಾದ ಡಾಂಗ್ ಯಾಂಗ್, ಅಕೊಮ್. ಒಬ್ಬೊಬ್ಬರ ಕೈ ಒಂದೊಂದು ಥರ.

ಇದನ್ನು ಕಣ್ಣಾರೆ ಕಾಣಬೇಕು ಅಂದರೆ ‘ಫೀಟ್ ಆಫ್ ಕ್ಲೇ’ಯ ಎರಡು ಭಾಗಗಳನ್ನು ಬೆನ್ನು ಬೆನ್ನಿಗೆ ನೋಡಿ. ಮ್ಯಾಟ್ ಹೇಗನ್ ಅನ್ನುವ ನಟ, ಅಪಘಾತದಲ್ಲಿ ಮುಖ ಹಾಳಾದವನು, ಒಂದು ಕ್ರೀಮಿಗೆ ಅಂಟಿಕೊಂಡು ಕೊನೆಗೆ ಮಣ್ಣಿನ ಮುದ್ದೆಯ ಹಾಗೆ ಆಗಿಬಿಡುತ್ತಾನೆ. ಮೊದಲ ಭಾಗ ಅಕೊಮ್‌ನವರದು. ಕಥೆ ಚೆನ್ನಾಗಿದೆ, ಆದರೆ ಚಿತ್ರ ಪೆಡಸಾಗಿದೆ. ಮುಖಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವಾಗ ಅಳತೆ ತಪ್ಪುತ್ತವೆ. ಎರಡನೆಯ ಭಾಗ ಟಿಎಂಎಸ್‌ನದು. ಅದರ ಕೊನೆಯಲ್ಲಿ ಬ್ಯಾಟ್‌ಮ್ಯಾನ್ ಸುತ್ತಲಿನ ಪರದೆಗಳ ಮೇಲೆ ಹೇಗನ್ ಮಾಡಿದ ಹಳೆಯ ಪಾತ್ರಗಳನ್ನೆಲ್ಲ ಒಟ್ಟಿಗೆ ಹಾಕುತ್ತಾನೆ. ಆ ಮಣ್ಣಿನ ಮೈ ತನ್ನ ಹಿಡಿತ ಮೀರಿ ಒಂದೊಂದೇ ಪಾತ್ರವಾಗಿ ಬದಲಾಗುತ್ತಾ ಕರಗುತ್ತಾ ಹೋಗುತ್ತದೆ. ಕೈಯಿಂದ ಚಿತ್ರ ಬರೆದು ಇದನ್ನು ಮಾಡಿದ್ದಾರೆ! ನಾನು ಆ ಎರಡು ನಿಮಿಷವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.

ಹಾಗಾಗಿ ಎಪಿಸೋಡ್ ಮುಗಿದ ತಕ್ಷಣ ಆಫ್ ಮಾಡಬೇಡಿ. ಕೊನೆಗೆ ಓಡುವ ಹೆಸರುಗಳಲ್ಲಿ ಸ್ಟುಡಿಯೋ ಹೆಸರು ಹುಡುಕಿ, ನೋಟ್‌ಬುಕ್ಕಿನಲ್ಲಿ ಎಪಿಸೋಡಿನ ಹೆಸರಿನ ಪಕ್ಕದಲ್ಲಿ ಬರೆಯಿರಿ. ಎಪಿಸೋಡಿನ ಹೆಸರು ಶುರುವಿನಲ್ಲೇ ಚಂದದ ಒಂದು ಚಿತ್ರದ ಮೇಲೆ ಬರುತ್ತದೆ. ಹದಿನೈದು ಇಪ್ಪತ್ತು ಆಗುವ ಹೊತ್ತಿಗೆ ನಿಮಗೇ ಅಂದಾಜು ಸಿಗುತ್ತದೆ. ನಮ್ಮ ಹುಡುಗ ಹೆಸರು ಬರುವ ಮೊದಲೇ ‘ಇದು ಸ್ಪೆಕ್ಟ್ರಮ್’ ಅಂತ ಹೇಳಲು ಕಲಿತ. ಸ್ಪೆಕ್ಟ್ರಮ್ ಹೆಸರು ಕಂಡರೆ ಹತ್ತಿರ ಕೂತು ನೋಡಿ. ‘ಆನ್ ಲೆದರ್ ವಿಂಗ್ಸ್’ನ ಕೊನೆಯಲ್ಲಿ ಮ್ಯಾನ್-ಬ್ಯಾಟ್ ಅನ್ನುವ ಬಾವಲಿ ಮನುಷ್ಯ ಬ್ಯಾಟ್‌ಮ್ಯಾನ್‌ನನ್ನು ನಗರದ ಮೇಲೆಲ್ಲ ಎಳೆದುಕೊಂಡು ಹಾರುವ ದೃಶ್ಯ ಅವರದೇ.

ಹಿನ್ನೆಲೆಯ ಚಿತ್ರಗಳನ್ನೂ ಗಮನಿಸಿ. ಈ ಕಾರ್ಟೂನ್ ಮಾಡಿದ ಇಬ್ಬರಲ್ಲಿ ಒಬ್ಬರಾದ ಎರಿಕ್ ರಡೋಮ್ಸ್ಕಿ ಬಿಳಿ ಕಾಗದ ಬಿಟ್ಟು ಕಪ್ಪು ಕಾಗದದ ಮೇಲೆ ಬಣ್ಣ ಹಾಕಿಸಿದರು. ಕತ್ತಲೆ ಮೊದಲೇ ಇರುತ್ತದೆ, ಬೆಳಕನ್ನು ಮಾತ್ರ ಬರೆಯಬೇಕು. ಸೋತ ಎಪಿಸೋಡಿನಲ್ಲೂ ಈ ಕತ್ತಲೆ ಸೋಲುವುದಿಲ್ಲ.

ಆದರೆ ಚಿತ್ರ ಚೆನ್ನಾಗಿದ್ದ ಮಾತ್ರಕ್ಕೆ ಅದು ನಿಮ್ಮ ಹತ್ತರಲ್ಲಿ ಒಂದಾಗಬೇಕಿಲ್ಲ. ಇಲ್ಲಿ ನಮಗೆ ನೆರವಾಗಿದ್ದು ಬೆಳಗಿನ ಪರೀಕ್ಷೆ. ರಾತ್ರಿ ನೋಡಿದ ತಕ್ಷಣ ಅಂಕ ಕೊಡಬೇಡಿ. ಆಗ ಎಲ್ಲವೂ ಚೆನ್ನಾಗಿತ್ತು ಅನ್ನಿಸುತ್ತದೆ, ಅದರಲ್ಲೂ ಕೊನೆಗೆ ಜೋರು ಹೊಡೆದಾಟ ಇದ್ದರೆ. ಮರುದಿನ ಬೆಳಿಗ್ಗೆ ಇಬ್ಬರೂ ಒಂದೊಂದು ಸಾಲು ಬರೆಯಿರಿ: ನೆನಪಿನಲ್ಲಿ ಉಳಿದಿರುವುದು ಏನು? ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆಯಬೇಕು. ಏನೂ ನೆನಪಾಗದಿದ್ದರೆ ಗೆರೆ ಎಳೆದು ಬಿಡಿ. ಇಬ್ಬರೂ ಒಂದೇ ವಿಷಯ ಬರೆದಿದ್ದರೆ ಒಂದು ಚುಕ್ಕೆ. ಇಬ್ಬರೂ ಬೇರೆ ಬೇರೆ ವಿಷಯ ಬರೆದಿದ್ದರೆ ಎರಡು ಚುಕ್ಕೆ. ಒಂಬತ್ತು ವರ್ಷದವನಿಗೂ ನಲವತ್ತು ದಾಟಿದವಳಿಗೂ ಬೇರೆ ಬೇರೆ ಏನೋ ಕೊಟ್ಟ ಕಥೆಯಲ್ಲಿ ಸರಕು ಜಾಸ್ತಿ ಇದೆ ಅಂತ ನನ್ನ ನಂಬಿಕೆ.

‘ಹಾರ್ಟ್ ಆಫ್ ಐಸ್’ ನೋಡಿದ ಮರುದಿನ ಅವನು ಬರೆದಿದ್ದು: ‘ಸೂಪಿನಿಂದ ಹೊಡೆದ!’ ನಾನು ಬರೆದಿದ್ದು: ‘ಗಾಜಿನೊಳಗೆ ತಿರುಗುವ ಪುಟ್ಟ ನರ್ತಕಿ.’ ಎರಡೂ ಅದೇ ಎಪಿಸೋಡಿನಲ್ಲಿವೆ. ಬ್ಯಾಟ್‌ಮ್ಯಾನ್‌ಗೆ ನೆಗಡಿ. ಅವನ ಮನೆಯಾಳು ಆಲ್ಫ್ರೆಡ್ ಬಿಸಿ ಚಿಕನ್ ಸೂಪನ್ನು ಫ್ಲಾಸ್ಕಿನಲ್ಲಿ ಹಾಕಿ ಕೊಟ್ಟಿರುತ್ತಾನೆ. ಕೊನೆಯ ಹೊಡೆದಾಟದಲ್ಲಿ ಬೇರೆ ಏನೂ ಕೈಗೆ ಸಿಗದಾಗ ಆ ಫ್ಲಾಸ್ಕಿನಿಂದಲೇ ಈ ಕಥೆಯ ವಿಲನ್ ಮಿಸ್ಟರ್ ಫ್ರೀಜ್‌ನ ತಣ್ಣನೆಯ ಗಾಜಿನ ಶಿರಸ್ತ್ರಾಣಕ್ಕೆ ಬಡಿಯುತ್ತಾನೆ. ಬಿಸಿ ತಾಗಿ ಗಾಜು ಬಿರುಕು ಬಿಡುತ್ತದೆ. ಎಷ್ಟು ಸರಳ! ಶುರುವಿನಲ್ಲಿ ಸುಮ್ನೆ ಬಂದುಹೋದ ನೆಗಡಿಯೇ ಕೊನೆಗೆ ಗೆಲ್ಲಿಸುತ್ತದೆ.

ನನ್ನ ನರ್ತಕಿಯ ಕಥೆ ಬೇರೆ. ಫ್ರೀಜ್‌ಗೆ ಕಾಯಿಲೆ ಬಿದ್ದ ಹೆಂಡತಿ ಇದ್ದಳು, ನೋರಾ. ಅವಳನ್ನು ಉಳಿಸಲು ಅವನು ನಡೆಸುತ್ತಿದ್ದ ಪ್ರಯೋಗವನ್ನು ಕಂಪನಿಯ ಯಜಮಾನ ಹಣದ ಲೆಕ್ಕ ಹೇಳಿ ನಿಲ್ಲಿಸಿಬಿಡುತ್ತಾನೆ. ಆಮೇಲೆ ಅವನು ಮಾಡುವುದೆಲ್ಲ ಆ ಒಂದು ನೋವಿನಿಂದ. ಮೈಕೆಲ್ ಅನ್ಸಾರಾ ಅವನ ಮಾತುಗಳನ್ನು ಏರಿಳಿತವೇ ಇಲ್ಲದೆ ಹೇಳಿದ್ದಾರೆ. ಅಳು ಬತ್ತಿಹೋದ ಮನುಷ್ಯನ ದನಿ ಅದು. ಕೊನೆಗೆ ಸೆರೆಮನೆಯ ತಣ್ಣನೆಯ ಕೋಣೆಯಲ್ಲಿ ಆ ನರ್ತಕಿಯ ಗೊಂಬೆ ಹಿಡಿದು ಕೂತಿರುತ್ತಾನೆ. ಪಾಲ್ ಡಿನಿ ಬರೆದ ಈ ಕಥೆಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಡೇಟೈಮ್ ಎಮ್ಮಿ ಬಂತು. ಇಡೀ ಸೀಸನ್ನಿನಲ್ಲಿ ಒಂದೇ ನೋಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

‘ದಿ ಅಂಡರ್‌ಡ್ವೆಲ್ಲರ್ಸ್’ ಇದೇ ಪರೀಕ್ಷೆಯಲ್ಲಿ ಒಂದೇ ಚುಕ್ಕೆಗೆ ನಿಂತಿತು. ಚರಂಡಿಯೊಳಗೆ ಮಕ್ಕಳನ್ನು ಇಟ್ಟುಕೊಂಡು ಕಳ್ಳತನ ಮಾಡಿಸುವವನ ಕಥೆ. ಇಬ್ಬರೂ ಬರೆದಿದ್ದು ‘ಮೊಸಳೆ’ ಅಂತ ಮಾತ್ರ. ‘ಮೂನ್ ಆಫ್ ದಿ ವುಲ್ಫ್’ಗೆ ಗೆರೆ. ಅವುಗಳ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ.

‘ಪರ್ಚಾನ್ಸ್ ಟು ಡ್ರೀಮ್’ನಲ್ಲಿ ಬ್ರೂಸ್ ಎದ್ದು ನೋಡಿದರೆ ಅಪ್ಪ ಅಮ್ಮ ಬದುಕಿದ್ದಾರೆ, ಬ್ಯಾಟ್‌ಮ್ಯಾನ್ ಬೇರೆ ಯಾರೋ. ಪೇಪರ್ ತೆರೆದರೆ ಅಕ್ಷರಗಳು ಕಲಸಿಹೋಗಿವೆ. ಕನಸಿನಲ್ಲಿ ಓದಲು ಬರುವುದಿಲ್ಲ ಅನ್ನುವುದು ಕಥೆಯ ಕೀಲಿ. ಒಂದು ವಾರ ನಮ್ಮ ಹುಡುಗ ಬೆಳಿಗ್ಗೆ ಎದ್ದ ಕೂಡಲೇ ಕನಸಿನಲ್ಲಿ ಪುಸ್ತಕ ಸಿಕ್ಕಿತಾ ಇಲ್ಲವಾ ಅಂತ ವರದಿ ಕೊಡುತ್ತಿದ್ದ. ಇಂಥದ್ದಕ್ಕೆ ಮೂರು ಚುಕ್ಕೆ ಹಾಕಿ.

ಮಗುವಿನ ಪಟ್ಟಿಯನ್ನು ತಿದ್ದಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ‘ಐ ಹ್ಯಾವ್ ಗಾಟ್ ಬ್ಯಾಟ್‌ಮ್ಯಾನ್ ಇನ್ ಮೈ ಬೇಸ್‌ಮೆಂಟ್’ ಅಂತ ಒಂದಿದೆ. ಸೀಸನ್ನಿನ ಕಳಪೆ ಎಪಿಸೋಡ್ ಯಾವುದು ಅಂದರೆ ಬಹಳ ಜನ ಬೆರಳು ತೋರಿಸುವುದು ಅದರ ಕಡೆಗೇ. ಬ್ಯಾಟ್‌ಮ್ಯಾನ್ ಬಹಳ ಹೊತ್ತು ಪ್ರಜ್ಞೆ ತಪ್ಪಿ ಮಲಗಿರುತ್ತಾನೆ, ಪೆಂಗ್ವಿನ್ ಅನ್ನುವ ವಿಲನ್ ಜೊತೆ ಮಕ್ಕಳು ಸೆಣಸುತ್ತಾರೆ. ನಾನು ಗೆರೆ ಎಳೆಯಲು ಹೋದೆ. ಹುಡುಗ ಪೆನ್ ಕಿತ್ತುಕೊಂಡ. ‘ಚಿಕ್ಕಮ್ಮ, ಇದರಲ್ಲಿ ಬ್ಯಾಟ್‌ಮ್ಯಾನ್‌ನನ್ನು ಮಕ್ಕಳೇ ಕಾಪಾಡಿದ್ದು!’ ಅಂದ. ಅವನ ವಯಸ್ಸಿಗೆ ಅದಕ್ಕಿಂತ ದೊಡ್ಡ ಕಥೆ ಯಾವುದಿದೆ? ಇದು ಮಕ್ಕಳ ಕಾರ್ಟೂನ್. ಅವನ ಹತ್ತರಲ್ಲಿ ಅದು ‘ಪ್ರೆಟಿ ಪಾಯ್ಸನ್’ನ ಜಾಗದಲ್ಲಿ ಕೂತಿದೆ. ನನ್ನ ಹತ್ತರಲ್ಲಿ ಇಲ್ಲ. ಎರಡು ಪುಟ ಮಾಡಿಕೊಂಡೆವು, ಅಷ್ಟೇ.

ತುಂಬಾ ಚಿಕ್ಕ ಮಕ್ಕಳಿದ್ದರೆ ಎರಡು ಕಥೆಗಳನ್ನು ನೀವು ಮೊದಲು ಒಬ್ಬರೇ ನೋಡಿಕೊಳ್ಳಿ: ‘ಟು-ಫೇಸ್’ ಮತ್ತು ‘ರಾಬಿನ್ಸ್ ರೆಕನಿಂಗ್’. ಎರಡನೆಯದು ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಅಪ್ಪ ಅಮ್ಮನನ್ನು ಕಳೆದುಕೊಂಡ ಕಥೆ. ಸರ್ಕಸ್ಸಿನಲ್ಲಿ ಅವರು ತೂಗುತ್ತಾ ಚೌಕಟ್ಟಿನಿಂದ ಆಚೆ ಹೋಗುತ್ತಾರೆ, ಹರಿದ ಹಗ್ಗ ಮಾತ್ರ ತಿರುಗಿ ಬರುತ್ತದೆ. ಬಿದ್ದದ್ದನ್ನು ತೋರಿಸುವುದೇ ಇಲ್ಲ. ತೋರಿಸದೆ ಇರುವುದರಿಂದಲೇ ಅದು ಅಷ್ಟು ತಟ್ಟುತ್ತದೆ. 1993ರಲ್ಲಿ ಇದಕ್ಕೆ ಪ್ರೈಮ್‌ಟೈಮ್ ಎಮ್ಮಿ ಬಂತು. ನಾವು ನೋಡುವಾಗ ಹಗ್ಗ ಬಂದ ಜಾಗದಲ್ಲಿ ನಿಲ್ಲಿಸಿ, ನೀರು ಕುಡಿದು, ಮುಂದುವರಿಸಿದೆವು. ಇಂಥ ಭಾರದ ಕಥೆಯ ಮರುದಿನ ಹಗುರವಾದ ಒಂದನ್ನು ಇಟ್ಟುಕೊಳ್ಳಿ. ಅದಕ್ಕೆ ‘ಆಲ್‌ಮೋಸ್ಟ್ ಗಾಟ್ ಇಮ್’ ಸರಿ. ವಿಲನ್‌ಗಳೆಲ್ಲ ಇಸ್ಪೀಟ್ ಆಡುತ್ತಾ, ಬ್ಯಾಟ್‌ಮ್ಯಾನ್ ಕೈಗೆ ಸಿಕ್ಕೂ ಹೇಗೆ ತಪ್ಪಿಸಿಕೊಂಡ ಅಂತ ಒಬ್ಬೊಬ್ಬರೇ ಹೇಳುತ್ತಾರೆ. ಕಿಲ್ಲರ್ ಕ್ರಾಕ್‌ನ ಸರದಿ ಬಂದಾಗ ಅವನು ಹೇಳುವುದು ಕಲ್ಲು ಎಸೆದೆ ಅಂತ, ಅಷ್ಟೇ. ದೊಡ್ಡ ಕಲ್ಲು! ಮನೆಯೆಲ್ಲ ನಕ್ಕಿತು. ಕೊನೆಯ ತಿರುವನ್ನು ನಾನು ಹೇಳುವುದಿಲ್ಲ.

‘ಜೋಕರ್ಸ್ ಫೇವರ್’ ಕೂಡ ಬಿಡಬೇಡಿ. ವಿಲನ್ ಜೋಕರ್‌ನ ಜೊತೆಗಾತಿ ಹಾರ್ಲೆ ಕ್ವಿನ್ ಹುಟ್ಟಿದ್ದು ಇಲ್ಲಿ, ಕಾಮಿಕ್ಸಿಗೆ ಹೋಗಿದ್ದು ಆಮೇಲೆ. ಆದರೆ ನನಗೆ ಇಷ್ಟವಾದವನು ಚಾರ್ಲಿ ಕಾಲಿನ್ಸ್. ರಸ್ತೆಯಲ್ಲಿ ಜೋಕರ್‌ಗೆ ಬೈದು ಸಿಕ್ಕಿಹಾಕಿಕೊಂಡ ಸಾಮಾನ್ಯ ಮನುಷ್ಯ. ಕೊನೆಗೆ ಜೋಕರ್‌ನನ್ನು ಹೆದರಿಸುವವನೂ ಅವನೇ.

ಹತ್ತು ಗೊತ್ತಾದ ಮೇಲೆ ಅವುಗಳನ್ನು ಮತ್ತೊಮ್ಮೆ ನೋಡುತ್ತೀರಲ್ಲ, ಆಗ ‘ಬಿವೇರ್ ದಿ ಗ್ರೇ ಘೋಸ್ಟ್’ ಅನ್ನು ಕೊನೆಗೆ ಇಡಿ. ಬ್ರೂಸ್ ಚಿಕ್ಕವನಿದ್ದಾಗ ಅಪ್ಪನ ಜೊತೆ ಕೂತು ಟಿವಿಯಲ್ಲಿ ನೋಡುತ್ತಿದ್ದ ಒಬ್ಬ ವೀರ, ಗ್ರೇ ಘೋಸ್ಟ್. ಆ ಪಾತ್ರ ಮಾಡಿದ ನಟ ಸೈಮನ್ ಟ್ರೆಂಟ್‌ಗೆ ಈಗ ವಯಸ್ಸಾಗಿದೆ, ಕೆಲಸ ಇಲ್ಲ, ಹಳೆಯ ಸಾಮಾನುಗಳನ್ನು ಮಾರಿ ಬಾಡಿಗೆ ಕಟ್ಟುವ ಸ್ಥಿತಿ. ಬ್ಯಾಟ್‌ಮ್ಯಾನ್ ಅವನ ಸಹಾಯ ಕೇಳುತ್ತಾನೆ. ಟ್ರೆಂಟ್‌ಗೆ ದನಿ ಕೊಟ್ಟವರು ಆಡಂ ವೆಸ್ಟ್. 1966ರಿಂದ 1968ರವರೆಗೆ ಟಿವಿಯಲ್ಲಿ ಬ್ಯಾಟ್‌ಮ್ಯಾನ್ ಆಗಿದ್ದವರು ಅವರೇ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಎಪಿಸೋಡ್ ಮುಗಿಯಲಿ, ಹೆಸರುಗಳು ಓಡಲಿ, ಆಮೇಲೆ ಹೇಳಿ. ನಾನು ಹಾಗೇ ಮಾಡಿದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರಿಮೋಟ್ ತೆಗೆದುಕೊಂಡು ಮೊದಲಿನಿಂದ ಹಾಕಿದ.