ಅಳತೆ ಪುಸ್ತಕದ ಹಿಂದಿನ ಹಾಳೆಗಳು

ಬಾಗಲಕೋಟೆ ನವನಗರದಲ್ಲಿ ಕುಪ್ಪಸ ಹೊಲಿಯುವುದು ನನ್ನ ಉದ್ಯೋಗ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸತ್ಯವೇದದ, ಅಂದರೆ ಬೈಬಲಿನ, ಒಂದು ಭಾಗ ಓದುತ್ತೇನೆ, ರಾತ್ರಿ ಮಷಿನ್ನಿಗೆ ಅರಿವೆ ಹೊದಿಸುವ ಮುಂಚೆ ಅದರ ಮೇಲೆ ಮೂರ್ನಾಲ್ಕು ಸಾಲು ಬರೆಯುತ್ತೇನೆ. ಅದಕ್ಕೆಂದು ಬೇರೆ ಡೈರಿ ಇಟ್ಟಿಲ್ಲ. ಗಿರಾಕಿಗಳ ಅಳತೆ ಬರೆದುಕೊಳ್ಳುವ ಪುಸ್ತಕವನ್ನೇ ತಿರುವಿ ಹಾಕಿ ಹಿಂದಿನಿಂದ ಬರೆಯುತ್ತ ಬರುತ್ತೇನೆ. ಮುಂದಿನಿಂದ ಎದೆ, ತೋಳು, ಕೊರಳಿನ ಅಳತೆ. ಹಿಂದಿನಿಂದ ಮಾರ್ಕ, ಯೆರೆಮೀಯ, ಕೀರ್ತನೆ ಎಂಬ ಸತ್ಯವೇದದ ಪುಸ್ತಕಗಳು. ಎರಡೂ ನಡುವೆ ಕೂಡಿದರೆ ಹೊಸ ಪುಸ್ತಕ ತರುವುದು.

ಹೇಗೆ ಓದುತ್ತೀರಿ ಎಂದು ನಮ್ಮ ಸಭೆಯ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ. ನನ್ನದು ಒಂದೇ ಹಟ: ವಾಕ್ಯವನ್ನು ನಾನು ಆರಿಸುವುದಿಲ್ಲ. ಒಂದು ಪುಸ್ತಕ ಹಿಡಿದರೆ ಮೊದಲಿನಿಂದ ಕೊನೆಯ ತನಕ, ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದ. ಈಗ ಮೊಬೈಲಿಗೆ ದಿನಾ ಗುಲಾಬಿ ಹೂವಿನ ಮೇಲೆ ಬರೆದ ವಾಕ್ಯ ಬರುತ್ತದೆ, ಹೊಸ ವರ್ಷಕ್ಕೆ ಒಂದೊಂದು ವಾಕ್ಯ ಬರೆದ ವಾಗ್ದಾನದ ಚೀಟಿ ಎತ್ತುತ್ತೇವೆ. ಬೇಡ ಅನ್ನುವವಳಲ್ಲ, ನಾನೂ ಎತ್ತುತ್ತೇನೆ. ಆದರೆ ಚೀಟಿಯಲ್ಲಿ ಬರುವುದೆಲ್ಲ ಸಿಹಿಯೇ. ಕಷ್ಟದಲ್ಲಿ ಬಿದ್ದ ಗಂಡನಿಗೆ ದೇವರನ್ನು ದೂಷಿಸಿ ಸಾಯಿ ಅಂದ ಯೋಬನ ಹೆಂಡತಿಯ ಮಾತು ಬರೆದ ಚೀಟಿಯನ್ನು ನಾನಂತೂ ಕಂಡಿಲ್ಲ.

ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಲೆಕ್ಕ ಬಹಳ ಜನಕ್ಕೆ ಗೊತ್ತು. ಒಟ್ಟು 1189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ಆಯಿತು. ಲೆಕ್ಕ ಸರಿಯೇ, ನನ್ನ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಮೂರು ಅಧ್ಯಾಯ ಓದಿ ಕತ್ತರಿ ಹಿಡಿದರೆ ಮಧ್ಯಾಹ್ನಕ್ಕೆ ಒಂದೂ ನೆನಪಿರುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಮಾರ್ಕನನ್ನು ಕೊಡುತ್ತೇನೆ. ಬರೀ 16 ಅಧ್ಯಾಯ, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕೂ ಚಿಕ್ಕದು, ಅಲ್ಲಿ ಯೇಸು ಸ್ವಾಮಿ ಕೂತಲ್ಲಿ ಕೂರುವುದೇ ಇಲ್ಲ.

ಮಾರ್ಕನ ಎರಡನೇ ಅಧ್ಯಾಯದಲ್ಲಿ ನನ್ನ ಕಸುಬಿನ ಮಾತೇ ಒಂದು ಬರುತ್ತದೆ. ಹಳೆ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಯಾರೂ ಹಚ್ಚುವುದಿಲ್ಲ, ಹಚ್ಚಿದರೆ ಆ ತೇಪೆ ಹಳೆಯದನ್ನು ಜಗ್ಗಿ ಹರುಕು ಇನ್ನೂ ದೊಡ್ಡದಾಗುತ್ತದೆ ಎಂದು. ಅದರ ಮುಂದಿನ ವಚನದ ದ್ರಾಕ್ಷಾರಸ, ಅದನ್ನು ತುಂಬಿಡುವ ತೊಗಲಿನ ಬುದ್ದಲಿ ಇವುಗಳ ಮೇಲೆ ಪ್ರಸಂಗ ಬೇಕಾದಷ್ಟು ಕೇಳಿದ್ದೇನೆ, ತೇಪೆಯ ಮೇಲೆ ಕೇಳಿದ್ದು ಕಡಿಮೆ. ದರ್ಜಿಗೆ ಮಾತ್ರ ಇದು ದಿನದ ಸಂಗತಿ. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ತಂದು ಒಳಗೆ ಅಸ್ತರು ಹಾಕಿ ಹೊಲಿದುಕೊಡಿ ಅನ್ನುತ್ತಾರೆ. ಅಸ್ತರಿನ ಅರಿವೆಯನ್ನು ಮೊದಲು ನೀರಲ್ಲಿ ನೆನೆಹಾಕಿ, ನೆರಳಿಗೆ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. "ನಾಳೆ ಲಗ್ನ ಐತ್ರೀ ಅಕ್ಕಾರ, ಹಂಗ ಹೊಲದು ಕೊಡ್ರಿ" ಎಂದು ಅವಸರ ಮಾಡುವವರು ಇದ್ದೇ ಇರುತ್ತಾರೆ. ಹಂಗೇ ಹೊಲಿದರೆ ಮೊದಲ ತೊಳೆತಕ್ಕೆ ಅಸ್ತರು ಒಳಗೇ ಚಿಕ್ಕದಾಗುತ್ತದೆ, ಬಗಲಲ್ಲಿ ಖಣ ನಿರಿಗೆಗಟ್ಟುತ್ತದೆ, ಹೊಲಿಗೆಯ ಗುಂಟ ಎಳೆ ಬಿಡುತ್ತದೆ.

ಕಸುಬಿನ ಮಾತು ಬಂತೆಂದು ಕೂಡಲೇ ನನ್ನ ಮನೆಗೆ ಎಳೆದುಕೊಳ್ಳುವುದಿಲ್ಲ. ಮೊದಲು ಅಲ್ಲಿ ಯಾರು ಯಾರಿಗೆ ಏನು ಕೇಳಿದರು ಎಂದು ಹಿಂದಕ್ಕೆ ಹೋಗಿ ನೋಡುತ್ತೇನೆ. ಸ್ನಾನಿಕ ಯೋಹಾನನ ಶಿಷ್ಯರೂ ಕಟ್ಟುನಿಟ್ಟಿನ ಯೆಹೂದ್ಯ ಪಂಗಡದ ಫರಿಸಾಯರೂ ಉಪವಾಸ ಮಾಡುತ್ತಾರೆ, ನಿನ್ನ ಶಿಷ್ಯರೇಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರ ಅದು. ಇಷ್ಟು ತಿಳಿದ ಮೇಲೆ ನನ್ನ ದಿನ. ಆಗ ನಮ್ಮ ಮನೆಗೆ ಹೊಸ ಸೊಸೆ ಬಂದಿದ್ದಳು. ನೀರು ಕಾಣದ ಅರಿವೆ ಇವಳೇ, ನಮ್ಮ ಪದ್ಧತಿಯ ನೀರಲ್ಲಿ ಸ್ವಲ್ಪ ನೆನೆಯಲಿ ಎಂದು ಮನಸ್ಸು ಬೆಳಿಗ್ಗೆಯೇ ತೀರ್ಪು ಕೊಟ್ಟುಬಿಟ್ಟಿತು. ಸಂಜೆ ಬರೆಯಲು ಕೂತು ಇನ್ನೊಮ್ಮೆ ಓದಿದರೆ, ಅಲ್ಲಿ ಹೊಸ ಅರಿವೆಯನ್ನು ಯಾರೂ ಬೈದಿಲ್ಲ. ಹರಿಯುವುದು ಹಳೆಯದು. ಅಷ್ಟನ್ನೇ ಬರೆದಿಟ್ಟೆ. ನಮ್ಮ ಉಪವಾಸದ ಶುಕ್ರವಾರಗಳ ಬಗ್ಗೆ ಅವಳಿಗೆ ಏನೂ ಹೇಳಲಿಲ್ಲ. ಮಾಡುವ ದಿನ ಅವಳೇ ಕೇಳಿ ಮಾಡುತ್ತಾಳೆ, ಬಿಡುವ ದಿನ ಬಿಡುತ್ತಾಳೆ.

ಸಾಲಾಗಿ ಓದುವುದರ ಬೆಲೆ ನನಗೆ ಪೂರ್ತಿ ತಿಳಿದದ್ದು ಯೆರೆಮೀಯನಲ್ಲಿ. ಅವನ 29ನೇ ಅಧ್ಯಾಯದ 11ನೇ ವಚನ ಕ್ಯಾಲೆಂಡರಿನ ಮೇಲೆ, ಕಾರಿನ ಗಾಜಿನ ಮೇಲೆ ಎಲ್ಲಾ ಕಡೆ ಇರುತ್ತದೆ: ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಹಿತದ್ದೇ, ಅಹಿತದ್ದಲ್ಲ ಎಂಬ ದೇವರ ಮಾತು. ಆದರೆ ಆ ಅಧ್ಯಾಯ ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಅಲ್ಲೇ ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿರಿ ಅನ್ನುತ್ತದೆ. 10ನೇ ವಚನ ಎಪ್ಪತ್ತು ವರ್ಷ ತುಂಬಿದ ಮೇಲೆ ತಿರುಗಿ ಊರಿಗೆ ಕರೆತರುವ ಮಾತು ಆಡುತ್ತದೆ. ಅದಾದ ಮೇಲೆ 11.

ನವನಗರದಲ್ಲಿ ಕೂತು ಇದನ್ನು ಓದುವುದೇ ಬೇರೆ. ಆಲಮಟ್ಟಿ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ಬಂದಾಗ ಮನೆ ಬಿಟ್ಟು ಬಂದವರಲ್ಲಿ ನಾವೂ ಇದ್ದೆವು. ನಮ್ಮನ್ನು ಯಾರೂ ಸೆರೆ ಒಯ್ಯಲಿಲ್ಲ, ಪರಿಹಾರ ಬಂತು, ಜಾಗ ಸಿಕ್ಕಿತು. ಬಾಬೆಲಿನ ಜೊತೆ ಸರಿತೂಗಿಸುವುದು ತಪ್ಪು. ಆದರೂ ನಮ್ಮ ಅತ್ತೆಗೆ ಇದು ಕಡೆಯವರೆಗೂ ಊರಾಗಲಿಲ್ಲ. ಹಳೆ ಪೇಟೆಗೆ ಹೊರಟರೆ "ಊರಿಗೆ ಹೋಗಿ ಬರ್ತೇನಿ" ಅನ್ನುತ್ತಿದ್ದರು. ಸೆಕ್ಟರ್ ನಂಬರ್ ಅವರ ಬಾಯಿಗೆ ಬರಲೇ ಇಲ್ಲ. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಹಚ್ಚೋಣ ಅಂದರೂ "ಯಾಕ ಬೇಕವ್ವಾ" ಎಂದು ತಡೆಯುತ್ತಿದ್ದರು. ಆ ಅಧ್ಯಾಯವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಪ್ಪತ್ತು ವರ್ಷಕ್ಕೆ ಬಂದಾಗ ತಡೆದರು.

"ಎಪ್ಪತ್ತ ವರ್ಷಂದ್ರ ಪತ್ರ ಓದಿದವರ‍್ಯಾರೂ ತಿರುಗಿ ಹೋಗಾಂಗಿಲ್ಲಲ್ಲ?"

"ಹೌದ್ರೀ ಅತ್ತಿ, ಮೊಮ್ಮಕ್ಕಳು ಹೋಗಬೇಕು."

"ಹಂಗಾದ್ರ ಇದನ್ನ ಕ್ಯಾಲೆಂಡರ್‌ನ್ಯಾಗ ಯಾಕ ಹಾಕ್ತಾರ?"

ನಾನು ಕೇಳಿದ ಯಾವ ವ್ಯಾಖ್ಯಾನವೂ ಇಷ್ಟು ನೇರವಾಗಿ ವಿಷಯಕ್ಕೆ ಕೈ ಹಾಕಿಲ್ಲ. ಕರಿಬೇವು ಹಚ್ಚಲು ಅವರು ಒಪ್ಪಿದ್ದು ಬಹಳ ತಿಂಗಳ ಮೇಲೆ, ಅದೂ ಪಕ್ಕದ ಮನೆಯವರು ಸಸಿ ತಂದುಕೊಟ್ಟರೆಂದು. ವಾಕ್ಯದಿಂದಲೇ ಒಪ್ಪಿದರು ಎಂದು ನಾನು ಸಾಕ್ಷಿ ಹೇಳಲಾರೆ.

ಕೆಲವು ಭಾಗ ಏನೂ ಕೊಡುವುದಿಲ್ಲ. ಸತ್ಯವೇದದ ಅರಣ್ಯಕಾಂಡದ ಜನಗಣತಿ ಓದಿದ ದಿನ "ಓದಿದೆ" ಎಂದಷ್ಟೇ ಬರೆದಿದ್ದೇನೆ. ಒತ್ತಾಯದಿಂದ ಅರ್ಥ ಹಿಂಡಬಾರದು. ಇನ್ನು ಕೆಲವು ಭಾಗ ಅವತ್ತು ಸುಮ್ಮನಿದ್ದು ಬೇರೆ ಮನೆಯಲ್ಲಿ ಕೆಲಸಕ್ಕೆ ಬರುತ್ತವೆ. 88ನೇ ಕೀರ್ತನೆ ಹಾಗೆ. ಉಳಿದ ಮೊರೆಯ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರದ ಕಡೆ ಹೊರಳಿದರೆ, ಇದು ಕತ್ತಲೆಯಲ್ಲೇ ನಿಲ್ಲುತ್ತದೆ. ವಯಸ್ಸಿಗೆ ಬಂದ ಮಗ ತೀರಿಹೋದ ಮನೆಯೊಂದರಲ್ಲಿ ಪ್ರಾರ್ಥನೆಗೆ ನನ್ನನ್ನು ಕರೆದಾಗ ಅದನ್ನೇ ಓದಿದೆ. ಒಬ್ಬ ಹಿರಿಯರಿಗೆ ಸರಿಬರಲಿಲ್ಲ, ಸಮಾಧಾನದ ವಾಕ್ಯ ಓದಬೇಕಿತ್ತು ಅಂದರು. ಆ ತಾಯಿ ಮಾತ್ರ ಕೀರ್ತನೆಯ ನಂಬರ್ ಬರೆಸಿಕೊಂಡಳು.

ಈಗ ಶನಿವಾರ ಸಂಜೆ ಅಂಗಡಿಯಲ್ಲೇ ನಾಲ್ಕೈದು ಮಂದಿ ಕೂಡಿ ರೂತಳ ಪುಸ್ತಕ ಓದುತ್ತಿದ್ದೇವೆ, ನಾಲ್ಕೇ ಅಧ್ಯಾಯ. ಎರಡನೆಯದರಲ್ಲಿ ಪರದೇಶದ ವಿಧವೆ ರೂತಳು ಹೊಲದೊಡೆಯ ಬೋವಜನ ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಲಾದ ಮೇಲೆ ಬಿದ್ದ ತೆನೆ, ಆಯುತ್ತಾಳೆ. ಅವಳಿಗೆಂದೇ ಸಿವುಡಿನಿಂದ ತೆನೆ ಎಳೆದು ಬಿಡಿರಿ ಎಂದು ಅವನು ಆಳುಗಳಿಗೆ ಹೇಳುತ್ತಾನೆ. ಹೊಲದ ಅಂಚು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂಬುದು ಸತ್ಯವೇದದ ಯಾಜಕಕಾಂಡದ ಕಟ್ಟಳೆ, ಅವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಎಂದು ನಾನು ವಿವರಿಸುತ್ತಿದ್ದೆ. ಕಾಜಾ, ಗುಂಡಿ ಹಚ್ಚಲು ಬರುವ ಹೆಣ್ಣುಮಗಳು ಸಣ್ಣಾಕಿದ್ದಾಗ ತಾಯಿಯ ಜೊತೆ ಜೋಳದ ಹಕ್ಕಲು ಆಯ್ದವಳು. ಕೈಯಲ್ಲಿನ ಸೂಜಿ ನಿಲ್ಲಿಸದೆ ಅಂದಳು: "ಅಷ್ಟ ಕನಿಕರ ಇದ್ರ ಪಗಾರಕ್ಕ ಇಟ್ಕೋಬೇಕಿತ್ತಲ್ರೀ ಅಕ್ಕಾರ? ಬಗ್ಗಿ ಬಗ್ಗಿ ಆಯೂದು ತಪ್ಪತಿತ್ತು." ಒಬ್ಬರು ಬೋವಜನ ಪರ ವಹಿಸಿದರು, ಇನ್ನೊಬ್ಬರು ಇವಳ ಪರ. ಮೂರನೇ ಅಧ್ಯಾಯ ಇನ್ನೂ ಶುರುವಾಗಿಲ್ಲ.