ಮುಳುಗುವ ಕಾಡಿನ ಇನ್ಫೋಗ್ರಾಫಿಕ್: ಮ್ಯಾಪ್ ಬಿಡಿ, ನೀರಿನಿಂದ ಶುರು ಮಾಡಿ

ಅಮೆಜಾನ್‌ನ ಮುಳುಗುವ ಕಾಡಿನ, ಅಂದರೆ ಪ್ರತಿ ವರ್ಷ ಹೊಳೆಯ ನೀರು ನುಗ್ಗುವ ಕಾಡಿನ, ಇಂಟರ್‌ಆ್ಯಕ್ಟಿವ್ ಇನ್ಫೋಗ್ರಾಫಿಕ್ ಮಾಡಿ ಅಂದ ಕೂಡಲೇ ಹೆಚ್ಚಿನವರು ಒಂದು ಮ್ಯಾಪ್ ತೆಗೆದು ಅದರ ಮೇಲೆ ಪ್ರಾಣಿಗಳ ಐಕಾನ್ ಅಂಟಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನಿಂದ ನೋಡಿದರೆ ಅಲ್ಲಿ ಬರೀ ಹಸಿರು. ಬ್ರೆಜಿಲ್‌ನ ಮಾಮಿರಾವಾ ಎಂಬ ಸಂರಕ್ಷಿತ ಕಾಡಿನಲ್ಲಿ ನೀರು ಪ್ರತಿ ವರ್ಷ ಸುಮಾರು 10ರಿಂದ 12 ಮೀಟರ್ ಏರಿ ಇಳಿಯುತ್ತದೆ, ಅಲ್ಲಿನ ಜೀವಗಳೆಲ್ಲ ಅದಕ್ಕೆ ತಕ್ಕಂತೆ ಜಾಗ ಬದಲಿಸುತ್ತವೆ. ಹಾಗಾಗಿ ಕಾಡನ್ನು ಪಕ್ಕದಿಂದ ನೋಡಿದ ಹಾಗೆ ಬಿಡಿಸಿ, ಬೇರಿನಿಂದ ಕೊಂಬೆಯ ತುದಿವರೆಗೆ.

ಕೆಳಗೆ ಒಂದೇ ಒಂದು ಸ್ಲೈಡರ್ ಇಡಿ: 12 ತಿಂಗಳು. ಅದನ್ನು ಎಳೆದರೆ ನೀರು ಏರಬೇಕು, ಇಳಿಯಬೇಕು. ನೀರು ಮೇಲೆ ಕೆಳಗೆ ಹೋಗುವ ಹಾಗೆ ಸ್ಲೈಡರ್ ಕೂಡ ಉದ್ದಕ್ಕೆ ನಿಂತಿದ್ದರೆ ಚೆನ್ನ ಅನಿಸುತ್ತದೆ, ಆದರೆ ಫೋನಿನಲ್ಲಿ ಅದನ್ನು ಎಳೆಯಲು ಹೋದರೆ ಇಡೀ ಪುಟವೇ ಸರಿದುಬಿಡುತ್ತದೆ. ಅದಕ್ಕೇ ಅಡ್ಡ ಇಡಿ, ಕೀಬೋರ್ಡಿನ ಬಾಣದ ಕೀಲಿಗೂ ಓಡುವ ಹಾಗೆ ಮಾಡಿ.

ಚಿತ್ರಕ್ಕೆ ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ಪ್ರಾಣಿಗೆ ಒಂದು ಸಾಲು: ನೀರು ಎಷ್ಟಿದ್ದಾಗ ಎಲ್ಲಿರುತ್ತದೆ, ಏನು ತಿನ್ನುತ್ತದೆ. ಐದಾರು ಪ್ರಾಣಿ ಸಾಕು. ಟಂಬಾಕಿ ಮೀನು ನೀರು ಏರಿದಾಗ ಕಾಡಿನೊಳಗೆ ನುಗ್ಗಿ ಉದುರಿದ ಹಣ್ಣು ತಿನ್ನುತ್ತದೆ, ಗಟ್ಟಿ ಬೀಜವನ್ನೂ ಹಲ್ಲಿನಲ್ಲಿ ಒಡೆಯುತ್ತದೆ, ಒಡೆಯದೆ ನುಂಗಿದ ಬೀಜವನ್ನು ದೂರ ಒಯ್ದು ಬಿಡುತ್ತದೆ. ಗುಲಾಬಿ ಡಾಲ್ಫಿನ್‌ನ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದಿಲ್ಲ, ತಲೆ ತಿರುಗಿಸಿಕೊಂಡು ಮರಗಳ ನಡುವೆ ಈಜುತ್ತದೆ. ಜಾಗ್ವಾರ್ ಅಂತೂ ಮಾಮಿರಾವಾದಲ್ಲಿ ನೀರು ಏರಿದಾಗ ತಿಂಗಳುಗಟ್ಟಲೆ ಮರದ ಮೇಲೇ ಇರುತ್ತದೆ! ಇವನ್ನೆಲ್ಲ ಪಾಪ್‌ಅಪ್ ಒಳಗೆ ಬರೆದು ಮುಚ್ಚಿಡಬೇಡಿ. ಸ್ಲೈಡರ್ ಸರಿದಾಗ ಜಾಗ್ವಾರ್ ಮರ ಹತ್ತಲಿ, ಮೀನು ಒಳಗೆ ಬರಲಿ. ಎಸ್‌ವಿಜಿಯಲ್ಲಿ (ಭಾಗಗಳನ್ನು ಬೇರೆ ಬೇರೆಯಾಗಿ ಕದಲಿಸಬಹುದಾದ ವೆಬ್ ಚಿತ್ರದ ಫೈಲ್) ಪ್ರತಿ ಪ್ರಾಣಿಗೂ ಬೇರೆ ಗ್ರೂಪ್ ಮಾಡಿಟ್ಟರೆ ಇದು ಕಷ್ಟವಲ್ಲ.

ನೀರಿಗೆ ಸುಮ್ನೆ ನೀಲಿ ಬಳಿಯಬೇಡಿ. ಮುಳುಗುವ ಕಾಡಿನಲ್ಲಿ ವಾರ್ಜಿಯಾ, ಇಗಪೊ ಅಂತ ಎರಡು ಬಗೆ. ವಾರ್ಜಿಯಾ ಕಾಡಿಗೆ ಬರುವುದು ಆಂಡಿಸ್ ಪರ್ವತದ ಹೂಳು ಹೊತ್ತ ಕೆಸರು ನೀರು. ರಿಯೋ ನೀಗ್ರೊ ನದಿಯ ದಡದ ಇಗಪೊ ಕಾಡಿನದು ಕಡುಕಂದು ಬಣ್ಣದ, ಹೂಳು ತೀರಾ ಕಡಿಮೆ ಇರುವ ನೀರು. ಎರಡರಲ್ಲೂ ಮರಗಳು ಬೇರೆ, ಆದ್ದರಿಂದ ಒಂದೇ ಚಿತ್ರದಲ್ಲಿ ಬೆರೆಸದೆ ಎರಡು ದೃಶ್ಯ ಮಾಡಿ.

ಅಂಕಿ ಹಾಕುವಾಗ ಜಾಸ್ತಿ ಎಚ್ಚರ ಬೇಕು. ರಿಯೋ ನೀಗ್ರೊ ದಡದ ಮನೌಸ್ ನಗರದ ಬಂದರಿನಲ್ಲಿ 1902ರಿಂದ ನೀರಿನ ಮಟ್ಟ ಬರೆದಿಡುತ್ತಿದ್ದಾರೆ, 2021ರಲ್ಲಿ ಅದು 30.02 ಮೀಟರ್ ಮುಟ್ಟಿತು. ಅದು ಅಳತೆಗಂಬದ ಲೆಕ್ಕ, ಕಾಡಿನೊಳಗಿನ ನೀರಿನ ಆಳ ಅಲ್ಲ. ಹಾಗೇ ಚಿತ್ರಕ್ಕೆ ಇಳಿಸಿದರೆ ಮರಗಳೆಲ್ಲ ಮುಳುಗಿಹೋಗುತ್ತವೆ, ಅಲ್ವಾ?

ಕೊನೆಗೆ, ಈ ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು ಸುಮ್ಮನೆ ಕೂರಿ. ಎರಡು ನಿಮಿಷದ ನಂತರ ನೀರು ಇಳಿದಾಗ ಮೀನೆಲ್ಲ ಎಲ್ಲಿ ಹೋಯಿತು ಅಂತ ಕೇಳಿ. ಉತ್ತರ ಬರದಿದ್ದರೆ ಬರಹ ಸೇರಿಸಬೇಡಿ, ಮೀನು ಹೊಳೆಗೆ ಮರಳುವ ದಾರಿಯನ್ನು ಇನ್ನೂ ಸ್ಪಷ್ಟವಾಗಿ ಬಿಡಿಸಿ.