ಮ್ಯೂರ್ ವುಡ್ಸ್: ಮರದ ಜೊತೆ ಮೀನನ್ನೂ ನೋಡಿ ಬರುವುದು ಹೇಗೆ?

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಮ್ಯೂರ್ ವುಡ್ಸ್ ಒಂದು. ಗೋಲ್ಡನ್ ಗೇಟ್ ಸೇತುವೆಯಿಂದ ಉತ್ತರಕ್ಕೆ ಸುಮಾರು 19 ಕಿ.ಮೀ. ದೂರದಲ್ಲಿರುವ ಈ ಕಾಡಿನ ವಿಸ್ತಾರ 554 ಎಕರೆ ಮಾತ್ರ. ಆದರೆ ಇಲ್ಲಿನ ಅತಿ ಎತ್ತರದ ರೆಡ್‌ವುಡ್ ಮರ 258 ಅಡಿಯಷ್ಟಿದೆ, ಹೆಚ್ಚಿನ ದೊಡ್ಡ ಮರಗಳಿಗೆ 600ರಿಂದ 800 ವರ್ಷ ವಯಸ್ಸಾಗಿದೆ. ಹೋದವರೆಲ್ಲ ಕತ್ತೆತ್ತಿ ಮರ ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಹಿಂದಿರುಗುತ್ತಾರೆ. ಕಾಲುದಾರಿಯ ಪಕ್ಕದಲ್ಲೇ ಹರಿಯುವ ರೆಡ್‌ವುಡ್ ಕ್ರೀಕ್ ಎಂಬ ತೊರೆಯನ್ನು ನಿಂತು ನೋಡುವವರು ಕಡಿಮೆ. ಸ್ಟೀಲ್‌ಹೆಡ್ ಟ್ರೌಟ್ ಮತ್ತು ಕೋಹೋ ಸಾಲ್ಮನ್ ಎಂಬ ಎರಡು ಜಾತಿಯ ಮೀನುಗಳು ಸಮುದ್ರದಿಂದ ಹತ್ತಿ ಬಂದು ಮೊಟ್ಟೆಯಿಡುವ ತೊರೆ ಅದು. ಅದನ್ನು ಸರಿಯಾಗಿ ನೋಡಬೇಕಾದರೆ ಪ್ರವಾಸವನ್ನು ತುಸು ಬೇರೆ ರೀತಿಯಲ್ಲಿ ಯೋಜಿಸಬೇಕಾಗುತ್ತದೆ.

ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಿ. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಹಳ್ಳಗಳಲ್ಲಿ ಮೀನು ಹತ್ತುವುದನ್ನು ಕಂಡವರಿಗೆ ಇಲ್ಲಿ ನಡೆಯುವುದು ತಕ್ಷಣ ಅರ್ಥವಾಗುತ್ತದೆ. ಕೋಹೋ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಹತ್ತುತ್ತದೆ. ಸ್ಟೀಲ್‌ಹೆಡ್ ಅದರ ಹಿಂದೆಯೇ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಮಳೆ ಸುರಿಯುತ್ತಿರುವ ದಿನ ನೀರು ಕದಡಿರುವುದರಿಂದ ಏನೂ ಕಾಣುವುದಿಲ್ಲ. ಜೋರು ಮಳೆ ನಿಂತು ಎರಡು ಮೂರು ದಿನ ಕಳೆದು ನೀರು ತಿಳಿಯಾದಾಗ ಹೋಗುವುದು ಸೂಕ್ತ. ಚಳಿಗಾಲದಲ್ಲಿ ಹೋಗಲಾಗದವರು ನಿರಾಶರಾಗಬೇಕಿಲ್ಲ. ಬೇಸಿಗೆಯಲ್ಲಿ ತೊರೆ ಸಣ್ಣದಾಗಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಾಗ, ಬೆರಳುದ್ದದ ಮರಿಗಳು ಆ ಮಡುಗಳಲ್ಲೇ ಇರುತ್ತವೆ. ಮಕ್ಕಳನ್ನು ಕರೆದೊಯ್ಯುವವರಿಗೆ ಈ ಕಾಲವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಚಳಿಗಾಲದ ದೊಡ್ಡ ಮೀನು ಕಾಣಿಸಿಕೊಳ್ಳುವುದು ಅದೃಷ್ಟದ ಮಾತು, ಬೇಸಿಗೆಯ ಮರಿಗಳು ಕಾಯುವವರನ್ನು ಬರಿಗೈಯಲ್ಲಿ ಕಳಿಸುವುದು ಅಪರೂಪ.

ಎರಡನೆಯದು ಕಾಯ್ದಿರಿಸುವಿಕೆ. 2018ರ ಜನವರಿಯಿಂದ ಇಲ್ಲಿ ಕಾರು ನಿಲ್ಲಿಸಲು ಮುಂಗಡ ಕಾಯ್ದಿರಿಸುವುದು ಕಡ್ಡಾಯವಾಗಿದ್ದು, ನಿಗದಿತ ದಿನಗಳಲ್ಲಿ ಓಡುವ ಶಟಲ್ ಬಸ್ಸಿಗೂ ಮೊದಲೇ ಸೀಟು ಕಾಯ್ದಿರಿಸಬೇಕು. ಕಾಡಿನ ಕಣಿವೆಯಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ ಟಿಕೆಟ್ ಮತ್ತು ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ ಅಥವಾ ಮುದ್ರಿಸಿಕೊಳ್ಳಿ. ಪ್ರವೇಶ ಶುಲ್ಕ ಬೇರೆ: 16 ವರ್ಷ ಮೇಲ್ಪಟ್ಟವರಿಗೆ 15 ಡಾಲರ್, ಅದಕ್ಕಿಂತ ಚಿಕ್ಕವರಿಗೆ ಉಚಿತ, ದರ ಬದಲಾಗಿದೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳುವುದು ಒಳಿತು. ರಾಷ್ಟ್ರೀಯ ಉದ್ಯಾನಗಳ ಹಿರಿಯರ ಪಾಸ್ ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಸಲ್ಲುವುದರಿಂದ, ಪ್ರವಾಸಿ ವೀಸಾದಲ್ಲಿ ಬಂದ ತಂದೆತಾಯಿಗೆ ಪೂರ್ತಿ ಶುಲ್ಕ ಕೊಡಬೇಕಾಗುತ್ತದೆ. ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆಯುತ್ತದೆ. ವಾರದ ನಡುವಿನ ದಿನ, ಮೊದಲ ಗಂಟೆಯಲ್ಲೇ ಒಳಗೆ ಹೋಗುವವರಿಗೆ ನೀರಿನ ಸದ್ದು ಕೇಳುತ್ತದೆ. ಹನ್ನೊಂದರ ನಂತರ ಜನರ ಸದ್ದು.

ಬೆಚ್ಚಗಿನ ಮೇಲಂಗಿ ಬೇಸಿಗೆಯಲ್ಲೂ ಬೇಕು. ಸಮುದ್ರದ ಮಂಜು ಮತ್ತು ಮರಗಳ ದಟ್ಟ ನೆರಳಿನಿಂದಾಗಿ ಇಲ್ಲಿನ ಉಷ್ಣಾಂಶ ವರ್ಷವಿಡೀ ಹೆಚ್ಚುಕಡಿಮೆ 4ರಿಂದ 21 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. ಹೆದ್ದಾರಿಯಿಂದ ಇಳಿಯುವ ರಸ್ತೆಯಲ್ಲಿ ತಿರುವುಗಳು ಬಹಳ. ಚಾರ್ಮಾಡಿಯಲ್ಲಿ ತಲೆಸುತ್ತು ಬರುವವರು ಇಲ್ಲಿಗೂ ಸಿದ್ಧರಾಗಿ ಬರಬೇಕು. ಕಾಡಿನೊಳಗೆ ಬುತ್ತಿ ಬಿಚ್ಚುವಂತಿಲ್ಲ, ಆದ್ದರಿಂದ ಮೊದಲೇ ತಿಂಡಿ ಮುಗಿಸಿ, ಕುಡಿಯುವ ನೀರನ್ನಷ್ಟೇ ಒಯ್ಯಿರಿ. ಧ್ರುವೀಕೃತ ಗಾಜಿನ ತಂಪು ಕನ್ನಡಕವಿದ್ದರೆ ಮರೆಯಬೇಡಿ; ನೀರಿನ ಮೇಲಿನ ಹೊಳಪನ್ನು ಅದು ತಡೆಯುವುದರಿಂದ ತಳದವರೆಗೂ ಕಾಣುತ್ತದೆ.

ಒಳಗೆ ಹೋದ ಮೇಲೆ ದಾರಿ ಸುಲಭ. ತೊರೆಯ ಉದ್ದಕ್ಕೂ ಸಾಗುವ ಮುಖ್ಯ ದಾರಿ ಮಟ್ಟಸವಾಗಿದ್ದು, ಗಾಲಿಕುರ್ಚಿಗೂ ಅನುಕೂಲವಾಗಿದೆ. ತೊರೆಗೆ ಅಡ್ಡಲಾಗಿ ನಾಲ್ಕು ಸೇತುವೆಗಳಿವೆ. ಎರಡನೆಯ ಸೇತುವೆ ದಾಟಿ ಹಿಂದಿರುಗಲು ಅರ್ಧ ಗಂಟೆ, ಮೂರನೆಯದಕ್ಕೆ ಒಂದು ಗಂಟೆ, ನಾಲ್ಕನೆಯದಕ್ಕೆ ಒಂದೂವರೆ ಗಂಟೆ ಎಂಬುದು ಸಾಮಾನ್ಯ ಲೆಕ್ಕ. ಮೀನು ನೋಡುವವರು ಅದನ್ನು ದುಪ್ಪಟ್ಟು ಮಾಡಿಕೊಳ್ಳಬೇಕು.

ಸೇತುವೆಯ ಮೇಲೆ ನಿಮ್ಮ ನೆರಳು ನೀರಿಗೆ ಬೀಳದ ಕಡೆ ನಿಲ್ಲಿ. ಮೀನು ಯಾವಾಗಲೂ ಹರಿವಿಗೆ ಎದುರಾಗಿ ಮುಖ ಮಾಡಿ ನಿಂತು, ತೇಲಿ ಬರುವ ಹುಳುಗಳಿಗಾಗಿ ಕಾಯುತ್ತದೆ. ಹಾಗಾಗಿ ಕೆಳಹರಿವಿನ ಕಡೆಯಿಂದ ನೋಡಿದರೆ ಅದು ಬೆದರುವುದು ಕಡಿಮೆ. ಕಲ್ಲಿನ ಮರೆ, ಬಿದ್ದ ದಿಮ್ಮಿಯ ಅಡಿ, ಬೇರಿನ ಸಂದು, ಹೀಗೆ ಮಡುವಿನ ಅಂಚುಗಳಲ್ಲಿ ಕಣ್ಣು ನೆಟ್ಟು ಐದು ನಿಮಿಷ ಕದಲದೆ ಇರಿ. ಮೊದಲು ನೆರಳು ಕಾಣುತ್ತದೆ, ಆಮೇಲೆ ಮೀನು. ರೆಕ್ಕೆಗಳಲ್ಲಿ ಕಿತ್ತಳೆ ಛಾಯೆ ಇರುವ ಮರಿ ಕೋಹೋ. ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳಿರುವುದು ಸ್ಟೀಲ್‌ಹೆಡ್. ಸ್ಟೀಲ್‌ಹೆಡ್ ಬೇರೆ ಯಾವುದೋ ಮೀನಲ್ಲ, ಹೆಸರುವಾಸಿಯಾದ ರೇನ್‌ಬೋ ಟ್ರೌಟ್ ಜಾತಿಯದೇ. ತೊರೆಯಲ್ಲೇ ಉಳಿದರೆ ರೇನ್‌ಬೋ, ಸಮುದ್ರಕ್ಕೆ ಹೋಗಿ ಬಂದರೆ ಸ್ಟೀಲ್‌ಹೆಡ್. ಕೋಹೋ ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ, ಸ್ಟೀಲ್‌ಹೆಡ್ ಬದುಕಿ ಮತ್ತೆ ಸಮುದ್ರ ಸೇರಬಲ್ಲದು. ಚಳಿಗಾಲದಲ್ಲಿ ತಳದ ಜಲ್ಲಿಕಲ್ಲಿನ ನಡುವೆ ಒಂದು ಕಡೆ ಮಾತ್ರ ತೊಳೆದಂತೆ ತಿಳಿಬಣ್ಣದ ಗುಳಿ ಕಂಡರೆ, ಅದು ಹೆಣ್ಣು ಮೀನು ಬಾಲದಿಂದ ಬಡಿದು ತೋಡಿದ ಗೂಡು.

ಇದೇ ಕಾರಣಕ್ಕೆ ಇಲ್ಲಿ ನೀರಿಗೆ ಇಳಿಯುವಂತಿಲ್ಲ, ಗಾಳ ಹಾಕುವಂತೆಯೂ ಇಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ರೂಢಿಯಿರುವ ನಮ್ಮವರಿಗೆ ಕೈ ತಡೆಯುವುದು ಕಷ್ಟವೇ. ಆದರೂ ಇಲ್ಲಿ ಏನನ್ನೂ ಹಾಕಬಾರದು, ನಾಣ್ಯವನ್ನಂತೂ ಎಸೆಯಲೇಬಾರದು, ತಾಮ್ರ ಈ ಮೀನುಗಳಿಗೆ ವಿಷ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಈ ತೊರೆಗೆ ತೊಂದರೆ ಕೊಟ್ಟದ್ದುಂಟು. 1930ರ ದಶಕದಲ್ಲಿ ದಡ ಕೊಚ್ಚಿಹೋಗದಿರಲೆಂದು ಎರಡೂ ಬದಿಗೆ ಕಲ್ಲು ಕಟ್ಟಿದರು. ನೀರು ಕಾಲುವೆಯಂತೆ ನೇರವಾಗಿ ಓಡಿತು, ಮಡುಗಳು ಕಡಿಮೆಯಾದವು, ಮರಿಗಳಿಗೆ ತಂಗಲು ಜಾಗ ಸಾಲದಾಯಿತು. ಈಚಿನ ವರ್ಷಗಳಲ್ಲಿ ಆ ಕಲ್ಲುಗಳನ್ನು ಹಲವೆಡೆ ತೆಗೆದು, ಬಿದ್ದ ಮರಗಳನ್ನು ನೀರಿನಲ್ಲೇ ಇರಿಸಿದ್ದಾರೆ. ಅಡ್ಡಾದಿಡ್ಡಿಯಾಗಿ ಬಿದ್ದ ದಿಮ್ಮಿ ಕಂಡಾಗ ನಿರ್ಲಕ್ಷ್ಯವೆಂದು ತಿಳಿಯದೆ ಅದರ ಕೆಳಗೆ ನೋಡಿ.

ಈ ಕಣಿವೆ ಉಳಿದದ್ದರಲ್ಲೂ ತೊರೆಯ ಪಾತ್ರವಿದೆ. ವಿಲಿಯಂ ಕೆಂಟ್ ದಂಪತಿ 1905ರಲ್ಲಿ ಕೊಂಡಿದ್ದ ಜಾಗದಲ್ಲಿ ಅಣೆಕಟ್ಟು ಕಟ್ಟಲು ನೀರಿನ ಕಂಪನಿಯೊಂದು ನ್ಯಾಯಾಲಯಕ್ಕೆ ಹೋದಾಗ, ಅವರು 295 ಎಕರೆಯನ್ನು ಕೇಂದ್ರ ಸರ್ಕಾರಕ್ಕೆ ದಾನವಾಗಿ ಕೊಟ್ಟುಬಿಟ್ಟರು. 1908ರ ಜನವರಿ 9ರಂದು ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಕ್ಯಾಥೆಡ್ರಲ್ ಗ್ರೋವ್ ಎಂಬಲ್ಲಿ ಒಂದು ಫಲಕವಿದೆ. ವಿಶ್ವಸಂಸ್ಥೆಯ ಸ್ಥಾಪನೆಗಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ಪ್ರತಿನಿಧಿಗಳು, ಆಗಷ್ಟೇ ತೀರಿಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ನೆನಪಿಗೆ 1945ರ ಮೇ 19ರಂದು ಇಲ್ಲಿ ನೆರೆದರು. ಆ ಸಮ್ಮೇಳನಕ್ಕೆ ಭಾರತದ ನಿಯೋಗವನ್ನು ಮುನ್ನಡೆಸಿದ್ದ ಎ. ರಾಮಸ್ವಾಮಿ ಮೊದಲಿಯಾರ್ ಮರುವರ್ಷ ಮೈಸೂರಿನ ದಿವಾನರಾದರು.

ಕೊನೆಯದಾಗಿ, ಬಂದ ದಾರಿಯಲ್ಲೇ ನೇರವಾಗಿ ಹಿಂದಿರುಗದೆ, ತೊರೆಯ ಜೊತೆಗೇ ಕೆಳಗಿಳಿದು ಸುಮಾರು 5 ಕಿ.ಮೀ. ದೂರದ ಮ್ಯೂರ್ ಬೀಚ್‌ಗೆ ಹೋಗಿ. ಕಾಡಿನಲ್ಲಿ ತಡೆಹಿಡಿದಿದ್ದ ಬುತ್ತಿಯನ್ನು ಅಲ್ಲಿ ಬಿಚ್ಚಬಹುದು. ಒಣ ತಿಂಗಳುಗಳಲ್ಲಿ ಅಲೆಗಳು ತಂದು ಹಾಕಿದ ಮರಳಿನ ದಿಬ್ಬ ತೊರೆಯ ಬಾಯನ್ನು ಮುಚ್ಚಿರುತ್ತದೆ. ಚಳಿಗಾಲದ ಜೋರು ಮಳೆ ಬಂದು ಅದನ್ನು ಒಡೆಯುವವರೆಗೆ ದೊಡ್ಡ ಮೀನುಗಳು ಆಚೆ ಕಡಲಿನಲ್ಲಿ ಕಾಯುತ್ತವೆ, ನೀವು ಸೇತುವೆಯ ಮೇಲಿಂದ ನೋಡಿ ಬಂದ ಮರಿಗಳು ಈಚೆ ಮಡುಗಳಲ್ಲಿ ಬೆಳೆಯುತ್ತಿರುತ್ತವೆ.